ಕರೆಂಟಿಲ್ಲದ ಚೌತಿ ಅಡುಗೆ: ಯಾವ ಕಲ್ಲು, ಯಾವ ಒಲೆ, ಯಾವ ಪದಾರ್ಥ ಆರಿಸ್ಕೋಬೇಕು

ಗೌರಿ ಗಣೇಶ ಹಬ್ಬ ಬರೋದೇ ಭಾದ್ರಪದದಲ್ಲಿ, 2025ರಲ್ಲಿ ಆಗಸ್ಟ್ 27ಕ್ಕೆ ಚೌತಿ ಆಯ್ತು, 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಮಲೆನಾಡಲ್ಲಿ ಆ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರಲ್ಲ, ಎಲ್ಲೋ ಒಂದು ಅಕೇಶಿಯಾ ಮರ ಲೈನ್ ಮೇಲೆ ಬಿತ್ತು ಅಂದ್ರೆ ಊರಿಗೂರೇ ಕತ್ಲೆ, ಲೈನ್‌ಮನ್ ಬಂದು ಸರಿ ಮಾಡೋದು ಇವತ್ತೋ ನಾಳೆಯೋ ನಾಡಿದ್ದೋ ಹೇಳಕ್ಕಾಗಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ, ಸಿದ್ದಾಪುರ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹಬ್ಬ ಅಂತೂ ಮುಂದಕ್ಕೆ ಹೋಗಲ್ಲ, ಗಣಪತಿಗೆ ನೈವೇದ್ಯ ಆಗ್ಲೇಬೇಕು, ಮನೆ ತುಂಬ ಜನ ಬಂದಿರ್ತಾರೆ.

ಇಂಥ ಹೊತ್ತಲ್ಲಿ ಎಲ್ರೂ ಮೊದ್ಲು ಕೇಳೋದು ಒಲೆ ಬಗ್ಗೆ. ಗ್ಯಾಸ್ ಸಾಕಾಗತ್ತಾ, ಸೌದೆ ಇದ್ಯಾ, ಅಂತ. ನನ್ನ ಅಭಿಪ್ರಾಯ ಬೇರೆ. ಬೆಂಕಿ ಹೆಂಗೋ ಸಿಗತ್ತೆ, ನಮ್ಮ ಹಬ್ಬದಡುಗೆಲಿ ಕರೆಂಟ್ ಹೋದಾಗ ಕೈ ಕಟ್ಟಿ ಹಾಕೋದು ರುಬ್ಬೋ ಕೆಲಸ. ಹೂರಣ, ಕಾಯಿ ಮಸಾಲೆ, ಹಸಿ (ಕಾಯಿ ರುಬ್ಬಿ ಮೊಸರು ಸೇರಿಸಿ ಮಾಡೋ ಪದಾರ್ಥ), ತಂಬುಳಿ, ಮಜ್ಜಿಗೆಹುಳಿ, ಚಟ್ನಿ, ಉದ್ದಿನ ಹಿಟ್ಟು, ಎಲ್ಲಾ ಮಿಕ್ಸಿ ಗ್ರೈಂಡರ್ ಮೇಲೇ ನಿಂತಿರೋದು. ಅದಕ್ಕೆ ಮೊದ್ಲು ಏನು ಎಷ್ಟು ರುಬ್ಬಕ್ಕಾಗತ್ತೆ ಅಂತ ನೋಡ್ಕೊಳಿ, ಅದ್ರ ಮೇಲೆ ಏನು ಮಾಡ್ಬೇಕು ಅಂತ ತೀರ್ಮಾನ ಮಾಡಿ, ಒಲೆ ಯಾವ್ದು ಅನ್ನೋದು ಕೊನೆಗೆ. ನಾನೂ ಅದೇ ಕ್ರಮದಲ್ಲೇ ಬರೀತೀನಿ.

ರುಬ್ಬೋದಕ್ಕೆ ಏನೇನಿದೆ

ಇನ್ವರ್ಟರ್ ಇರೋ ಮನೆಯವರು ಮೊದ್ಲು ಇದನ್ನ ಓದಿ, ಯಾಕಂದ್ರೆ ತುಂಬಾ ಜನ ಇಲ್ಲಿ ಲೆಕ್ಕ ತಪ್ತಾರೆ. ಸಾಮಾನ್ಯವಾಗಿ ಮನೇಲಿರೋದು 900 ವಿಎ ಹತ್ರದ ಇನ್ವರ್ಟರ್, ಅದು ನಿಜವಾಗ್ಲೂ ಕೊಡೋದು 650-700 ವ್ಯಾಟ್ ಅಂದ್ಕೊಳಿ. ಮಿಕ್ಸಿ 750 ವ್ಯಾಟಿಂದು, ಅದೂ ಮೋಟರ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಎಳ್ಯತ್ತೆ, ಹಂಗಾಗಿ ಕುಯ್ ಅಂತ ಟ್ರಿಪ್ ಆಗತ್ತೆ. 500 ವ್ಯಾಟಿನ ಹಳೇ ಮಿಕ್ಸಿ ಇದ್ರೆ, ಜಾರ್ ಅರ್ಧಕ್ಕಿಂತ ಕಮ್ಮಿ ತುಂಬಿ, ಬೇರೆ ಲೈಟು ಫ್ಯಾನು ಎಲ್ಲಾ ಆಫ್ ಮಾಡಿ ಸ್ವಲ್ಪ ಸ್ವಲ್ಪ ಓಡ್ಸಿದ್ರೆ ನಡೀಬೋದು. ಇಂಡಕ್ಷನ್ ಮಾತೇ ಬೇಡ, ಅದು 2000 ವ್ಯಾಟ್ ತನಕ ಕೇಳೋ ಸಾಮಾನು. ಆದ್ರೆ ಟೇಬಲ್ ಟಾಪ್ ವೆಟ್ ಗ್ರೈಂಡರ್ ಇದ್ಯಲ್ಲ, 2 ಲೀಟರಿಂದು, ಅದು ಬರೀ 150 ವ್ಯಾಟ್! ನೋಡಕ್ಕೆ ದೊಡ್ಡದು, ಕಲ್ಲು ಭಾರ, ಅದಕ್ಕೇ ಜನ ಅದನ್ನ ಇನ್ವರ್ಟರಿಗೆ ಹಾಕಕ್ಕೆ ಹೆದರ್ತಾರೆ, ಹಾಕಬೇಕಾಗಿದ್ದೇ ಅದನ್ನ. ಮುಕ್ಕಾಲು ಗಂಟೆ ಓಡಿದ್ರೂ ಬ್ಯಾಟರಿಯಿಂದ ಹೋಗೋದು 100 ವ್ಯಾಟ್ ಅವರ್ ಆಸುಪಾಸು, 150 ಎಎಚ್ ಬ್ಯಾಟರಿ ತುಂಬಿದ್ರೆ ಅದ್ರೊಳಗೆ 1800 ವ್ಯಾಟ್ ಅವರ್ ಇರತ್ತೆ, ಎಲ್ಲಾ ಬಳಸಕ್ಕಾಗಲ್ಲ ಅಂದ್ರೂ ಧಾರಾಳ ಆಯ್ತು. ಹಿಂದಿನ ರಾತ್ರಿ ಟಿವಿ, ಫ್ಯಾನಿಗೆ ಬ್ಯಾಟರಿ ಕಳ್ಕೊಳೋ ಬದ್ಲು ಬೆಳಿಗ್ಗೆ ಗ್ರೈಂಡರಿಗೆ ಉಳಿಸ್ಕೊಳಿ. ಇನ್ನೊಂದು, ಮನೆ ಮೇಲೆ ಸೋಲಾರ್ ಪ್ಯಾನಲ್ ಇದೆ ನಮಗೇನು ಅಂತ ಇದ್ರೆ, ಅದು ಆನ್-ಗ್ರಿಡ್ ಆಗಿದ್ರೆ ಲೈನ್ ಹೋದ ಕೂಡ್ಲೇ ಅದೂ ನಿಲ್ಲತ್ತೆ, ರಿಪೇರಿ ಮಾಡೋ ಲೈನ್‌ಮನ್ನಿಗೆ ಶಾಕ್ ಹೊಡೀಬಾರ್ದು ಅಂತ ಹಂಗೆ ಮಾಡಿರ್ತಾರೆ. ಬ್ಯಾಟರಿ ಇರೋ ಸೋಲಾರ್ ಆದ್ರೆ ಮಾತ್ರ ಉಪಯೋಗ.

ಇನ್ವರ್ಟರ್ ಇಲ್ಲ, ಇಲ್ಲಾ ಎರಡು ದಿನದಿಂದ ಕರೆಂಟಿಲ್ದೆ ಅದೂ ಖಾಲಿ ಅಂದ್ರೆ ಉಳಿಯೋದು ಕಲ್ಲು. ಹಳೇ ಮನೆಗಳಲ್ಲಿ ಒರಳು ಇನ್ನೂ ಇರತ್ತೆ, ಹಿತ್ಲಲ್ಲೋ ಬಚ್ಚಲ ಹತ್ರಾನೋ ನೀರು ತುಂಬ್ಕೊಂಡು ಕೂತಿರತ್ತೆ. ವರ್ಷಗಟ್ಲೆ ಬಳಸ್ದೇ ಇದ್ದಿದ್ದನ್ನ ಹಬ್ಬದ ದಿನ ಬೆಳಿಗ್ಗೆ ತೊಳ್ದು ನೇರ ಹೂರಣ ಹಾಕ್ಬೇಡಿ. ಒಂದು ವಾರ ಮುಂಚೆ ತೆಂಗಿನ ನಾರಲ್ಲಿ ತಿಕ್ಕಿ ತೊಳ್ದು, ಒಂದು ಹಿಡಿ ನೆನೆಸಿದ ಅಕ್ಕಿಗೆ ಕಲ್ಲುಪ್ಪು ಸೇರಿಸಿ ರುಬ್ಬಿ ಚೆಲ್ಲಿ, ಬೆರಳಲ್ಲಿ ತಿಕ್ಕಿ ನೋಡಿ, ಮರಳು ಸಿಕ್ಕಿದ್ರೆ ಮತ್ತೆ ರುಬ್ಬಿ ಚೆಲ್ಲಿ, ಸಿಗದ ತನಕ. ಕಲ್ಲು ನುಣ್ಣಗೆ ಸವೆದು ಹೋಗಿದ್ರೆ ಉಳಿ ಹೊಡೆಸ್ಬೇಕು, ಇಲ್ದಿದ್ರೆ ಕಾಯಿ ಸುಮ್ನೆ ಜಾರ್ತಾ ಇರತ್ತೆ, ನುಣ್ಣಗಾಗಲ್ಲ.

ಒರಳಲ್ಲಿ ರುಬ್ಬೋ ಕ್ರಮ ಗೊತ್ತಿಲ್ದೇ ಇರೋ ಹೊಸಬ್ರಿಗೆ ಇದು. ಬಲಗೈಲಿ ಗುಂಡು ತಿರುಗಿಸ್ತಾ ಎಡಗೈಲಿ ಅಂಚಿಗೆ ಬಂದಿದ್ದನ್ನ ಒಳಗೆ ತಳ್ತಾ ಇರ್ಬೇಕು, ಈ ತಳ್ಳೋದೇ ಕೆಲಸ, ತಿರುಗಿಸೋದಲ್ಲ. ಗುಂಡನ್ನ ನೇರ ನಿಲ್ಸಿ ತಿರುಗಿಸಿದ್ರೆ ಭುಜ ಬಿದ್ದು ಹೋಗತ್ತೆ, ಒಂಚೂರು ಓರೆ ಮಾಡಿ ಒರಳಿನ ಗೋಡೆಗೆ ಒತ್ತಿಸಿ ಸುತ್ತಿಸಿದ್ರೆ ಅದ್ರ ಭಾರವೇ ಕೆಲಸ ಮಾಡತ್ತೆ. ಮೊದ್ಲು ಮೆಣಸಿನಕಾಯಿ, ಕೊತ್ತಂಬರಿ, ಸಾಸಿವೆ ಥರದ ಗಟ್ಟಿ ಸಾಮಾನು ಸ್ವಲ್ಪನೇ ನೀರಲ್ಲಿ, ಅದು ನುಣ್ಣಗಾದ್ಮೇಲೆ ಕಾಯಿತುರಿ. ಎಲ್ಲಾ ಒಟ್ಟಿಗೆ ಹಾಕಿದ್ರೆ ಕಾಯಿ ನುಣ್ಣಗಾದ್ರೂ ಮೆಣಸಿನ ಬೀಜ ಹಂಗೇ ಉಳ್ಕೊಳತ್ತೆ. ಇಬ್ರು ಎದುರು ಬದುರು ಕೂತ್ರೆ ಒಬ್ರು ತಿರುಗಿಸ್ಬೋದು ಒಬ್ರು ತಳ್ಬೋದು, ಅತ್ತಿಗೆ ನಾದಿನಿ ಜೊತೆಗೂಡಿದ್ರೆ ಎಷ್ಟು ರುಬ್ಬಿದ್ವಿ ಅನ್ನೋದೇ ಗೊತ್ತಾಗಲ್ಲ. ಒರಳಲ್ಲಿ ರುಬ್ಬಿದ ಕಾಯಿಗೆ ಮಿಕ್ಸಿ ಬಿಸಿ ತಾಗಲ್ಲ, ಹಂಗಾಗಿ ಹಸಿ, ತಂಬುಳಿ ರುಚಿನೇ ಬೇರೆ, ಇದು ನಾನು ಮನಸಾರೆ ಹೇಳೋ ಮಾತು.

ಚಪ್ಪಟೆ ಅರೆಯೋ ಕಲ್ಲು ಇದ್ರೆ ಚಟ್ನಿ, ಸಣ್ಣ ಪ್ರಮಾಣದ ಮಸಾಲೆಗೆ ಅದು ಒರಳಿಗಿಂತ ಬೇಗ, ಹತ್ತು ಜನರ ಒಳಗಿನ ಅಡುಗೆಗೆ ಸಾಕು. ಅದಕ್ಕಿಂತ ಜಾಸ್ತಿ ಜನಕ್ಕೆ ಸೊಂಟ ಉಳಿಯಲ್ಲ. ಬೀಸುಕಲ್ಲು ಬರೀ ಒಣಗಿದ್ದಕ್ಕೆ, ಹುರಿದ ಕಡ್ಲೆ ಹೆಸರುಕಾಳು ಪುಡಿ ಮಾಡಿ ಪಂಚಕಜ್ಜಾಯಕ್ಕೆ. ಕುಟ್ಟಾಣಿಲಿ ಶುಂಠಿ, ಏಲಕ್ಕಿ, ಹಸಿಮೆಣಸು. ಧಾರವಾಡ ಬೆಳಗಾವಿ ಕಡೆ ಮನೆಗಳಲ್ಲಿ ಹೂರಣಕ್ಕೆ ಅಂತ್ಲೇ ಕೈಯಲ್ಲಿ ತಿರುಗಿಸೋ ಪುರಣ ಯಂತ್ರ ಇರತ್ತೆ, ಬೆಂದ ಬೇಳೆ ಬೆಲ್ಲ ಮೇಲೆ ಹಾಕಿ ಹಿಡಿ ತಿರುಗಿಸಿದ್ರೆ ತೂತಿನ ಬಿಲ್ಲೆಯಿಂದ ಕೆಳಗೆ ನುಣ್ಣಗೆ ಬೀಳತ್ತೆ. ನಮ್ಮ ಕಡೆ ಇದು ಕಮ್ಮಿ, ಆದ್ರೆ ಕರೆಂಟ್ ನಂಬಕ್ಕಾಗದ ಊರಲ್ಲಿರೋರು ಒಂದು ತಂದಿಟ್ಕೊಂಡ್ರೆ ಹೋಳಿಗೆ ಮಟ್ಟಿಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಒರಳಿಗಿಂತ್ಲೂ ಸುಲಭ.

ಹಿಂದಿನ ದಿನವೇ ರುಬ್ಬಿಟ್ಕೊಳೋದು ಬೇಡ. ಫ್ರಿಜ್ ಓಡ್ತಿಲ್ಲ, ಮಳೆಗಾಲದ ತೇವ ಬೇರೆ, ರುಬ್ಬಿದ ಕಾಯಿ ರಾತ್ರಿ ಕಳೆಯೋದ್ರೊಳಗೆ ವಾಸನೆ ಬರತ್ತೆ. ಒಣ ಮಸಾಲೆ ಹುರಿದು ಪುಡಿ ಮಾಡಿಟ್ಕೊಳೋದು, ಪಂಚಕಜ್ಜಾಯದ ಹಿಟ್ಟು, ಅಕ್ಕಿ ಹಿಟ್ಟು, ಚಕ್ಕುಲಿ ಹಿಟ್ಟು, ಇವೆಲ್ಲಾ ವಾರ ಮುಂಚೆ ಕರೆಂಟಿದ್ದಾಗ ಮಿಲ್ಲಿಗೆ ಹೋಗಿ ಮುಗಿಸ್ಕೊಂಡು ಬಿಡಿ, ಇದೊಂದು ಮಾಡಿದ್ರೆ ಅರ್ಧ ತಲೆನೋವು ಹೋಯ್ತು.

ಏನು ಮಾಡೋದು, ಏನು ಬಿಡೋದು

ಹಬ್ಬ ಅಂದ್ರೆ ಹೋಳಿಗೆ ಇರ್ಲೇಬೇಕು ಅನ್ನೋರು ಕೇಳಿ. ಬೇಳೆ ಹೋಳಿಗೆನಾ ಕಾಯಿ ಹೋಳಿಗೆನಾ ಅಂತ ಬಂದ್ರೆ ಎಲ್ರೂ ಕಾಯಿ ಹೋಳಿಗೆ ಸುಲಭ, ಬೇಳೆ ಬೇಯಿಸೋದಿಲ್ವಲ್ಲ ಅಂತಾರೆ, ಕರೆಂಟಿದ್ದಾಗ ಅದು ಸರಿ. ಕರೆಂಟಿಲ್ದಾಗ ಉಲ್ಟಾ. ಕಾಯಿ ನುಣ್ಣಗೆ ರುಬ್ಬದೇ ಇದ್ರೆ ಲಟ್ಟಿಸೋವಾಗ ಕಣಕ ಹರೀತದೆ, ಅದಕ್ಕೆ ಕಲ್ಲು ಬೇಕೇ ಬೇಕು. ಬೇಳೆ ಹೋಳಿಗೆಗೆ ಕಲ್ಲಿಲ್ದೇನೂ ದಾರಿ ಇದೆ. ಅದ್ರಲ್ಲೂ ಕಡ್ಲೆಬೇಳೆ ಬಿಟ್ಟು ಹಳೇ ಮೈಸೂರು ಕಡೆಯವ್ರ ಥರ ತೊಗರಿಬೇಳೆ ಹಾಕಿ, ಅದು ಮೆತ್ತಗೆ ಬೇಯತ್ತೆ, ಕಡೆಗೋಲಿಂದಲೋ ಹಿತ್ತಾಳೆ ಚೊಂಬಿನ ತಳದಿಂದಲೋ ಮಸೆದ್ರೆ ಸಾಕು. ಗುಟ್ಟು ಏನಂದ್ರೆ ಮಿಕ್ಸಿಗೆ ಹಾಕೋವಾಗ ಬೇಯಿಸೋದಕ್ಕಿಂತ ಒಂದು ಹದ ಜಾಸ್ತಿ ಬೇಯಿಸಿ, ಕಟ್ಟು ಪೂರ್ತಿ ಬಸಿದು, ಬಿಸಿ ಇರೋವಾಗ್ಲೇ ಮಸೀಬೇಕು, ಆರಿದ್ರೆ ಬೇಳೆ ಗಟ್ಟಿಯಾಗಿ ಗಂಟು ಉಳೀತದೆ. ಮಸೆದಾದ್ಮೇಲೆ ಬೆಲ್ಲ ಹಾಕಿ ಒಲೆ ಮೇಲೆ ನೀರು ಆರೋ ತನಕ ಕೈಯಾಡಿಸಿ, ಸೌಟು ನಿಲ್ಲೋ ಹಂಗಾಗ್ಬೇಕು. ಬಸಿದ ಕಟ್ಟಲ್ಲಿ ಸಾರು, ಅದಕ್ಕೆ ಮನೇಲಿರೋ ಸಾರಿನ ಪುಡಿ ಹಾಕಿದ್ರಾಯ್ತು, ಒಂದು ಬೇಯಿಸಿದ್ದಕ್ಕೆ ಎರಡು ಪದಾರ್ಥ ಆಯ್ತು ನೋಡಿ.

ಆದ್ರೆ ಚೌತಿಗೆ ನನ್ನ ಮೊದಲ ಆಯ್ಕೆ ಹೋಳಿಗೆ ಅಲ್ಲ, ಹಬೆಲಿ ಬೇಯಿಸೋ ಸಿಹಿ ಕಡುಬು. ಗಣಪತಿಗೂ ಅದೇ ಇಷ್ಟ, ನಮಗೂ ಅನುಕೂಲ. ಕಾರಣ ಹೇಳ್ತೀನಿ. ಸೌದೆ ಒಲೆ ಉರಿ ಒಂದೇ ಸಮ ಇರಲ್ಲ, ಏರತ್ತೆ ಇಳಿಯತ್ತೆ, ಹೋಳಿಗೆ ಕಾವಲಿಗೂ ಎಣ್ಣೆ ಬಾಣಲೆಗೂ ಅದು ಕಷ್ಟ. ಹಬೆಗೆ ಹಂಗಿಲ್ಲ, ನೀರು ಕುದೀತಿದ್ರೆ ಆಯ್ತು, ಉರಿ ಜೋರಾದ್ರೂ ಹಬೆ ಅದೇ ಬಿಸಿ, ಸೀಯೋ ಪ್ರಶ್ನೆನೇ ಇಲ್ಲ, ನೀರು ಮುಗೀದ ಹಂಗೆ ನೋಡ್ಕೊಂಡ್ರೆ ಸಾಕು. ರುಬ್ಬೋದೂ ಇಲ್ಲ. ಒಂದು ಲೋಟ ಅಕ್ಕಿ ಹಿಟ್ಟಿಗೆ ಒಂದೂಕಾಲು ಲೋಟದಷ್ಟು ನೀರು, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುದಿಸಿ ಹಿಟ್ಟು ಸುರಿದು ಮುಚ್ಚಿಟ್ಟು, ಕೈ ತಾಳೋ ಅಷ್ಟು ಬಿಸಿ ಇರೋವಾಗ ನಾದ್ಬೇಕು. ಒಳಗೆ ಎರಡು ಪಾಲು ಕಾಯಿತುರಿಗೆ ಒಂದು ಪಾಲು ಬೆಲ್ಲ, ಏಲಕ್ಕಿ, ಹುರಿದ ಎಳ್ಳು. ಅರಿಶಿನದ ಎಲೆ ಆ ಹೊತ್ತಿಗೆ ಹಿತ್ಲಲ್ಲಿ ಧಾರಾಳ ಇರತ್ತೆ, ಅದ್ರಲ್ಲಿ ಹಿಟ್ಟು ಹಚ್ಚಿ ಮಧ್ಯೆ ಹೂರಣ ಇಟ್ಟು ಮಡಚಿ ಬೇಯಿಸಿ, ಹತ್ತು ಹನ್ನೆರಡು ನಿಮಿಷ, ಮುಚ್ಚಳ ತೆಗೆದಾಗ ಬರೋ ಘಮಕ್ಕೆ ಜಗಲಿಲಿ ಕೂತಿರೋ ಮಕ್ಕಳು ತಾವಾಗೇ ಒಳಗೆ ಬರ್ತಾರೆ.

ಚಕ್ಕುಲಿ, ಕರಜಿಕಾಯಿ, ಅತಿರಸ ಇವೆಲ್ಲಾ ಹಬ್ಬದ ದಿನಕ್ಕೆ ಇಟ್ಕೊಳ್ಳೇಬೇಡಿ. ಕೆಡದ ತಿಂಡಿಗಳು, ಮೂರ್ನಾಲ್ಕು ದಿನ ಮುಂಚೆ ಮಾಡಿ ಡಬ್ಬಿಗೆ ಹಾಕಿ. ಶಿರಸಿ ಸಿದ್ದಾಪುರ ಕಡೆ ಚಕ್ಕುಲಿ ಕಂಬಳ ಅಂತ ಮಾಡ್ತಾರಲ್ಲ, ಅಕ್ಕಪಕ್ಕದ ಮನೆಯವ್ರೆಲ್ಲಾ ಒಬ್ಬೊಬ್ರ ಮನೆಗೆ ಹೋಗಿ ಕೈಲೇ ಚಕ್ಕುಲಿ ಸುತ್ತಿ ಕೊಡೋದು, ಅದು ಎಷ್ಟು ಚಂದದ ಪದ್ಧತಿ, ಒಂದು ಸಲ ಒಲೆ ಹಚ್ಚಿದ್ರೆ ಒಂದು ಮನೆದು ಪೂರ್ತಿ ಮುಗಿಯತ್ತೆ, ಮಿಷಿನ್ ಬೇಡ, ಕರೆಂಟ್ ಬೇಡ.

ಊಟಕ್ಕೆ ಬರೋಣ. ರುಬ್ಬೋದೇ ಬೇಡ ಅನ್ನೋ ಪದಾರ್ಥಗಳು ಎಷ್ಟಿವೆ ಅಂತ ಲೆಕ್ಕ ಹಾಕಿದ್ರೆ ಬಾಳೆ ಎಲೆ ತುಂಬತ್ತೆ. ಹೆಸರುಬೇಳೆ ಕೋಸಂಬರಿಗೆ ಒಲೆನೂ ಬೇಡ. ಕಾಯಿ ಸಾಸಿವೆ ಚಿತ್ರಾನ್ನದ ಬದ್ಲು ನಿಂಬೆಹಣ್ಣಿನ ಚಿತ್ರಾನ್ನ. ಹಸಿ ಬದ್ಲು ಒಗ್ಗರಣೆ ಹಾಕಿದ ಮೊಸರು ಗೊಜ್ಜು. ತಂಬುಳಿ ಬದ್ಲು ಅಪ್ಪೆಹುಳಿ ಅಂದ್ರೆ ಮಾವಿನಕಾಯಿಯ ತೆಳು ಹುಳಿ ಸಾರು, ಮಾವಿನ ಮಿಡಿ ಕಾಲ ಮುಗಿದಿದ್ರೆ ಕಂಚಿಕಾಯಿದೋ ನಿಂಬೆದೋ ಮಾಡಿ, ಕಾಯಿ ಕೇಳಲ್ಲ. ಬೀನ್ಸ್ ಪಲ್ಯ, ಹಪ್ಪಳ ಸಂಡಿಗೆ, ಶ್ಯಾವಿಗೆ ಪಾಯಸ, ಅವಲಕ್ಕಿ ಪಂಚಕಜ್ಜಾಯ. ಹುಳಿಗೆ ಒಣ ಪುಡಿ ಹಾಕಿ, ಮಂದ ಬರಕ್ಕೆ ಸಿಹಿಗುಂಬಳ ಎರಡು ಹೋಳು ಬೇಳೆ ಜೊತೆ ಬೇಯಿಸಿ ಮಸೆದು ಸೇರಿಸಿ, ಮೇಲೆ ಹಸಿ ಕಾಯಿತುರಿ ಒಂದು ಹಿಡಿ, ಮಸಾಲೆ ರುಬ್ಬಿಲ್ಲ ಅಂತ ಊಟಕ್ಕೆ ಕೂತವ್ರಿಗೆ ಅನಿಸಲ್ಲ. ಕಡ್ಲೆಬೇಳೆ ಪಾಯಸಕ್ಕೆ ಕಾಯಿಹಾಲು ಬೇಕಿದ್ರೆ ತುರಿಗೆ ಬಿಸಿನೀರು ಹಾಕಿ ಚೆನ್ನಾಗಿ ಕಿವುಚಿ ತೆಳು ಬಟ್ಟೆಲಿ ಹಿಂಡಿ, ಮಿಕ್ಸಿಗೆ ಹಾಕಿದಷ್ಟು ಹಾಲು ಬರಲ್ಲ, ಒಂದು ಕಾಯಿ ಜಾಸ್ತಿ ಒಡೀಬೇಕಾಗತ್ತೆ ಅಷ್ಟೆ.

ಹಂಗಂತ ಎಲ್ಲಾನೂ ಬದಲಾಯಿಸ್ಬೇಡಿ. ಮನೇಲಿ ಅತ್ತೆಯವರಿಗೋ ಅಜ್ಜಿಗೋ ಇದಿಲ್ದೆ ಹಬ್ಬ ಅನ್ಸಲ್ಲ ಅನ್ನೋ ಒಂದು ಪದಾರ್ಥ ಇರತ್ತೆ, ಅದನ್ನ ಕೇಳ್ಕೊಂಡು ಒರಳಿನ ಶ್ರಮ ಅದಕ್ಕೆ ಮಾತ್ರ ಮೀಸಲಿಡಿ. ರುಬ್ಬೋದು ಒಂದೇ ಪದಾರ್ಥ ಆದ್ರೆ ಯಾರಿಗೂ ಭಾರ ಆಗಲ್ಲ, ಐದಾದ್ರೆ ಅಡುಗೆಮನೆಲಿರೋ ಹೆಂಗಸರಿಗೆ ಹಬ್ಬವೇ ಇರಲ್ಲ. ಇದನ್ನ ಗಂಡಸರೂ ಗಮನಿಸ್ಬೇಕು, ಗುಂಡು ತಿರುಗಿಸಕ್ಕೆ ತೋಳಲ್ಲಿ ಬಲ ಇದ್ರೆ ಸಾಕು.

ಒಲೆಗಳ ಹೋಲಿಕೆ

ಗ್ಯಾಸ್ ಇದ್ರೆ ಅರ್ಧ ಚಿಂತೆ ಇಲ್ಲ, ಲೈಟರೋ ಬೆಂಕಿಪೊಟ್ಟಣವೋ ಇಟ್ಕೊಂಡ್ರಾಯ್ತು. ಆದ್ರೆ ಮಳೆಗೆ ರಸ್ತೆ ಕಡಿದಾಗ ಸಿಲಿಂಡರ್ ಗಾಡಿನೂ ಬರಲ್ಲ. ಎಷ್ಟು ಉಳ್ದಿದೆ ಅಂತ ತಿಳ್ಕೊಳಕ್ಕೆ ಸಿಲಿಂಡರ್ ಮೇಲೆ ಖಾಲಿ ತೂಕ ಬರ್ದಿರತ್ತೆ, ಅಡಕೆ ತೂಗೋ ತಕ್ಕಡಿ ಮನೇಲಿ ಹೆಂಗೂ ಇರತ್ತೆ, ಅದ್ರ ಮೇಲಿಟ್ಟು ಕಳೀರಿ, ತುಂಬಿದ್ದಾದ್ರೆ 14.2 ಕೆಜಿ ಗ್ಯಾಸ್ ಇರ್ಬೇಕು. ಎರಡು ಮೂರು ಕೆಜಿ ಮಾತ್ರ ಉಳ್ದಿದ್ರೆ ಅದನ್ನ ಅನ್ನ, ಬೇಳೆ, ನೀರು ಕಾಯಿಸೋದಕ್ಕೆ ಸುಡ್ಬೇಡಿ. ಉರಿ ಹಿಡಿತದಲ್ಲಿರ್ಬೇಕಾದ ಕೆಲಸಕ್ಕೆ ಮಾತ್ರ ಗ್ಯಾಸು: ಹೋಳಿಗೆ ಬೇಯಿಸೋದು, ಹಪ್ಪಳ ಕರಿಯೋದು, ಒಗ್ಗರಣೆ, ಬೆಲ್ಲದ ಪಾಕ. ಉಳಿದಿದ್ದೆಲ್ಲಾ ಸೌದೆಗೆ.

ಸೌದೆ ಒಲೆಲಿ ದೊಡ್ಡ ಪಾತ್ರೆ ಇಡ್ಬೋದು, ಮೂವತ್ತು ನಲವತ್ತು ಜನಕ್ಕೆ ಅನ್ನ ಮಾಡೋದಿದ್ರೆ ಗ್ಯಾಸಿಗಿಂತ ಇದೇ ವಾಸಿ. ಕಷ್ಟ ಅಂದ್ರೆ ಭಾದ್ರಪದದಲ್ಲಿ ಒಣ ಸೌದೆ. ಹಸಿ ಸೌದೆಲಿ ಬೆಂಕಿಯ ಶಕ್ತಿ ಎಲ್ಲಾ ಅದ್ರೊಳಗಿನ ನೀರು ಆರಿಸಕ್ಕೇ ಹೋಗತ್ತೆ, ಹೊಗೆ ಮಾತ್ರ ಸಿಗೋದು. ಮೇ ತಿಂಗಳಲ್ಲೇ ಸೀಳಿ ಅಟ್ಟಕ್ಕೋ ಕೊಟ್ಟಿಗೆ ಮಾಡಿಗೋ ಹಾಕಿದ್ದು ಹಬ್ಬಕ್ಕೆ ಅಂತ ಒಂದು ಹೊರೆ ಬೇರೆ ಎತ್ತಿಡಿ. ಹಚ್ಚಕ್ಕೆ ಒಣ ಸೋಗೆ, ಕಾಯಿ ಸಿಪ್ಪೆ. ಗೆರಟೆ, ಅಂದ್ರೆ ತೆಂಗಿನ ಚಿಪ್ಪು, ಚುರುಕಾಗಿ ಉರಿಯತ್ತೆ, ಕಡುಬಿನ ನೀರು ಬೇಗ ಕುದೀಬೇಕು ಅಂದಾಗ ನಾಲ್ಕು ಗೆರಟೆ ಒಳಗೆ ತಳ್ಳಿ. ಹೋಳಿಗೆನೂ ಇದ್ರ ಮೇಲೇ ಆಗ್ಬೇಕು ಅಂತಿದ್ರೆ ದಪ್ಪ ಬೀಡಿನ ಕಾವಲಿ ತಗೊಳಿ, ಸೌದೆ ಹೊರಗೆಳೆದು ಬರೀ ಕೆಂಡದ ಮೇಲೆ ಬೇಯಿಸಿ, ತೆಳು ನಾನ್‌ಸ್ಟಿಕ್ ಈ ಉರಿಗೆ ಇಡ್ಲೇಬಾರ್ದು. ಎಣ್ಣೆ ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬ್ಬೇಡಿ, ನಾಲಿಗೆ ಉರಿ ಅಂಚಿಗೆ ಬಂದ್ರೆ ಎಣ್ಣೆ ಹೊತ್ಕೊಳತ್ತೆ. ಹಳೇ ಒಲೆಗೆ ಹಿಂದುಗಡೆ ಕೋಡೊಲೆ ಇದ್ರೆ ಪುಣ್ಯ, ಮುಂದೆ ಅನ್ನ ಬೇಯ್ತಿರೋವಾಗ ಅದೇ ಉರಿಯ ಉಳಿದ ಬಿಸಿಲಿ ಹಿಂದೆ ಹಾಲೋ ಹುಳಿಯೋ ಬಿಸಿಯಾಗೇ ಇರತ್ತೆ. ಪಾತ್ರೆ ಒಲೆಗೆ ಇಡೋ ಮೊದ್ಲು ಹೊರಗಡೆ ತಳಕ್ಕೆ ಬೂದಿ ಕಲಸಿ ಬಳೀರಿ, ಮಸಿ ಅದ್ರ ಮೇಲೆ ಕೂರತ್ತೆ, ತೊಳೆಯೋವಾಗ ಒಂದೇ ಸಲಕ್ಕೆ ಬಿಡತ್ತೆ.

ಕುಕ್ಕರನ್ನ ಸೌದೆ ಒಲೆಗೆ ಇಡ್ಬೋದಾ ಅಂತ ಕೇಳ್ತಾರೆ. ಇಡ್ಬೋದು, ಆದ್ರೆ ಉರಿ ಪಕ್ಕದಿಂದ ಮೇಲೆ ಬಂದು ಗ್ಯಾಸ್ಕೆಟ್ಟು, ಹಿಡಿ ಸುಡೋ ಸಾಧ್ಯತೆ ಇರತ್ತೆ, ನನಗೆ ಮನಸ್ಸಿಲ್ಲ. ಬೇಳೆನ ಒಂದು ಗಂಟೆ ನೆನೆಸಿ, ಚೂರು ಅರಿಶಿನ ಎಣ್ಣೆ ಹಾಕಿ ದಬರಿಲಿ ಬೇಯಿಸಿ, ಎಣ್ಣೆ ಹಾಕಿದ್ರೆ ಉಕ್ಕೋದು ಕಮ್ಮಿ. ಹುಣಸೆಹುಳಿ ಮಾತ್ರ ಬೇಳೆ ಪೂರ್ತಿ ಬೆಂದ್ಮೇಲೇ ಹಾಕಿ, ಹುಳಿ ಮೊದ್ಲೇ ಬಿದ್ರೆ ಬೇಳೆ ಬೇಯೋದು ನಿಧಾನ ಆಗತ್ತೆ.

ಅಸ್ತ್ರ ಒಲೆ ಇರೋ ಮನೆಯವ್ರಿಗೆ ಬೇರೆ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ್ಲೇ ಶುರುವಾದ ಅಸ್ತ್ರ ಅನ್ನೋ ವಿಭಾಗದವರು ಮಾಡಿದ್ದು ಇದು, ಅಮೂಲ್ಯ ರೆಡ್ಡಿಯವರು ಆ ಕೆಲಸದ ಮುಂದಾಳು. ಒಂದೇ ಬಾಯಿಗೆ ಸೌದೆ, ಮೂರು ಪಾತ್ರೆಗೆ ಬಿಸಿ, ಹೊಗೆ ಕೊಳವೆಲಿ ಹೊರಗೆ. ಮೊದಲನೇ ತೂತಲ್ಲಿ ಅನ್ನ, ಎರಡನೇದ್ರಲ್ಲಿ ಬೇಳೆ, ಮೂರನೇದ್ರಲ್ಲಿ ನೀರು. ಸೌದೆ ಕಮ್ಮಿ ಸಾಕು, ಕಣ್ಣುರಿ ಇಲ್ಲ, ದಿನನಿತ್ಯದ ಅಡುಗೆಗೆ ಇದಕ್ಕಿಂತ ಒಳ್ಳೇ ಸೌದೆ ಒಲೆ ನಾನು ನೋಡಿಲ್ಲ. ಹಬ್ಬಕ್ಕೆ ತೊಡಕು ಎಲ್ಲಿ ಅಂದ್ರೆ ಪಾತ್ರೆ ತೂತಿಗೆ ಸರಿಯಾಗಿ ಕೂರ್ಬೇಕು, ದೊಡ್ಡ ಹಬ್ಬದ ಪಾತ್ರೆಗಳು ಕೂರಲ್ಲ, ಒಂದು ತೂತು ಖಾಲಿ ಬಿಟ್ರೂ ಹೊಗೆ ಅಲ್ಲಿಂದ ಹೊರಗೆ. ಸೌದೆನೂ ಸಣ್ಣಗೆ ಸೀಳಿರ್ಬೇಕು. ಅದಕ್ಕೆ ಅನ್ನದ ದೊಡ್ಡ ಚರಿಗೆಗೆ ಮಾಡಿನ ಕೆಳಗೆ ಇಟ್ಟಿಗೆ ಇಟ್ಟು ಹೊರಗೊಂದು ಒಲೆ ಹಾಕ್ಕೊಂಡು, ಒಳಗಿನ ಅಡುಗೆ ಅಸ್ತ್ರದ ಮೇಲೆ ಮಾಡೋದೇ ಸರಿ. ಹಬ್ಬಕ್ಕೆ ಮುಂಚೆ ಹೊಗೆ ಕೊಳವೆಯ ಮಸಿ ತೆಗೆಸಿ.

ಗೋಬರ್ ಗ್ಯಾಸ್ ಇರೋರು ಜಾಸ್ತಿ ನಂಬ್ಕೊಂಡು ಕೂರ್ಬೇಡಿ. ಮಳೆಗಾಲದ ಚಳಿಗೆ ಗ್ಯಾಸ್ ಹುಟ್ಟೋದು ಕಮ್ಮಿ, ಅದ್ರಲ್ಲಿ ಮೀಥೇನ್ ಇರೋದೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉರಿ ಎಲ್‌ಪಿಜಿ ಅಷ್ಟು ಚುರುಕಿರಲ್ಲ. ಹಿಂದಿನ ದಿನ ಮುಟ್ಟದೇ ಬಿಟ್ರೆ ಹಬ್ಬದ ಬೆಳಿಗ್ಗೆಗೆ ಕಾಫಿ, ಹಾಲು, ಒಂದು ಪಾಯಸ ಆಗೋವಷ್ಟು ಸಿಗತ್ತೆ. ಎಲ್‌ಪಿಜಿ ಸ್ಟೌನೇ ಅದಕ್ಕೆ ಜೋಡಿಸಕ್ಕಾಗಲ್ಲ, ಬರ್ನರಿನ ತೂತು ಬೇರೆ.

ತುಂಬಾ ಜನ ಮರೆತಿರೋದು ಹೊಟ್ಟಿನ ಒಲೆ. ಸಾ ಮಿಲ್ಲಿಂದ ಒಣ ಹೊಟ್ಟು ತಂದಿಟ್ಕೊಂಡಿದ್ರೆ ಇದಕ್ಕಿಂತ ಸಮಾಧಾನದ ಉರಿ ಇಲ್ಲ. ತಗಡಿನ ಡಬ್ಬಿಗೆ ಮಧ್ಯೆ ಒಂದು ಕೋಲು ನಿಲ್ಸಿ, ಕೆಳಗಿನ ತೂತಿಂದ ಇನ್ನೊಂದು ಅಡ್ಡ ಕೋಲು ಅದಕ್ಕೆ ತಾಗಿಸಿ, ಸುತ್ತ ಹೊಟ್ಟು ಸುರಿದು ಬಿಗಿಯಾಗಿ ಕುಟ್ಟಿ ಕುಟ್ಟಿ ತುಂಬಿ, ಆಮೇಲೆ ಎರಡೂ ಕೋಲು ಮೆಲ್ಲಗೆ ಎಳೆದ್ರೆ ಗಾಳಿ ದಾರಿ ಆಯ್ತು. ಕೆಳಗಿಂದ ಹಚ್ಚಿದ್ರೆ ಗಂಟೆಗಟ್ಲೆ ಒಂದೇ ಸಮ ಉರಿಯತ್ತೆ, ಊದುಗೊಳವೆ ಬೇಡ, ಯಾರೂ ಮುಂದೆ ಕೂರ್ಬೇಕಾಗಿಲ್ಲ. ಹೂರಣ ಆರಿಸೋದು, ಹಾಲು ಪಾಯಸ ಕುದಿಸಿ ಇಳಿಸೋದು ಇದ್ರ ಮೇಲೆ ಚೆನ್ನಾಗಾಗತ್ತೆ. ಬಿಗಿಯಾಗಿ ತುಂಬದೇ ಇದ್ರೆ ಮಧ್ಯದಲ್ಲೇ ಕುಸಿದು ಆರಿ ಹೋಗತ್ತೆ, ಎಚ್ಚರ. ಸೀಮೆಎಣ್ಣೆ ಸ್ಟೌ ಬಗ್ಗೆ ಬರೆಯೋದೇನಿಲ್ಲ, ಎಣ್ಣೆ ಸಿಗೋದೇ ಕಷ್ಟ ಈಗ, ಹುಡುಕಿ ಸಮಯ ಹಾಳು ಮಾಡ್ಬೇಡಿ.

ಇದ್ದಿಲು ಒಲೆ ಬಗ್ಗೆ ಒಂದೇ ಮಾತು, ಆದ್ರೆ ಗಟ್ಟಿ ಮಾತು. ಬಾಗಿಲು ಕಿಟಕಿ ಮುಚ್ಚಿದ ಕೋಣೆಲಿ ಹಚ್ಚಲೇಬೇಡಿ. ಹೊಗೆ ಕಾಣಲ್ಲ, ವಾಸನೆ ಬರಲ್ಲ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯತ್ತೆ. ಮಳೆ ಇರ್ಚಲು ಹೊಡೀತಿದೆ ಅಂತ ಒಳಗೆ ತಂದಿಟ್ಕೊಳೋದು ಬೇಡ, ಜಗಲಿ ಮೂಲೆಲಿ ಇರ್ಲಿ.

ಬೆಂಗಳೂರು, ಮೈಸೂರಿನ ಫ್ಲ್ಯಾಟಲ್ಲಿ ಇಂಡಕ್ಷನ್ ಒಂದೇ ನಂಬ್ಕೊಂಡಿರೋರಿಗೆ ಇಷ್ಟೆಲ್ಲಾ ಆಗಲ್ಲ, ಗೊತ್ತು. ನಿಮಗೆ 5 ಕೆಜಿಯ ಸಣ್ಣ ಸಿಲಿಂಡರ್ ಒಂದು ಬರ್ನರ್ ಜೊತೆ ಇಟ್ಕೊಳೋದೇ ಸರಿಯಾದ ಆಯ್ಕೆ. ಟೂರಿಗೆ ಒಯ್ಯೋ ಸಣ್ಣ ಕ್ಯಾನಿನ ಸ್ಟೌ ಇದ್ರೆ ಅದು ಒಗ್ಗರಣೆಗೆ, ಕಾಫಿಗೆ ಆಯ್ತು, ಒಂದು 220 ಗ್ರಾಂ ಕ್ಯಾನಲ್ಲಿ ಮನೆಮಂದಿ ಹಬ್ಬದಡುಗೆ ಆಗಲ್ಲ. ಅಮೆರಿಕದಲ್ಲಿ ಹ್ಯೂಸ್ಟನ್, ಫ್ಲೋರಿಡಾ ಕಡೆ ಇರೋ ನಮ್ಮವ್ರಿಗೂ ಚೌತಿ ಬರೋದು ಹರಿಕೇನ್ ಸೀಸನ್ ಮಧ್ಯೆ, ಅದು ಜೂನ್ 1ರಿಂದ ನವೆಂಬರ್ 30ರ ತನಕ ಇರತ್ತೆ. ಅಂಗಳದ ಪ್ರೊಪೇನ್ ಗ್ರಿಲ್ ಮೇಲೆ ಬೀಡಿನ ಕಾವಲಿ ಇಟ್ರೆ ಹೋಳಿಗೆನೂ ಆಗತ್ತೆ, ಕಡುಬಿನ ಪಾತ್ರೆನೂ ಕೂರತ್ತೆ, ಗರಾಜ್ ಒಳಗೆ ಮಾತ್ರ ಹಚ್ಬೇಡಿ, ಇದ್ದಿಲಿಗೆ ಹೇಳಿದ ಮಾತೇ ಅದಕ್ಕೂ.

ನೀರು, ಬೆಳಕು, ಉಳಿದಿದ್ದು

ಪಂಪ್ ಓಡಲ್ಲ ಅನ್ನೋದು ಕೊನೇ ಗಳಿಗೆಲಿ ನೆನಪಾಗತ್ತೆ. ಗುಡ್ಡದಿಂದ ಅಬ್ಬಿ ನೀರು ತಾನಾಗೇ ಇಳಿದು ಬರೋ ಮನೆಯವ್ರು ಭಾಗ್ಯವಂತರು, ಬಾವಿ ಇರೋರು ಸೇದ್ಬೋದು, ಉಳಿದವ್ರು ಮೋಡ ಕಟ್ಟಿದಾಗ್ಲೇ ಹಂಡೆ ಡ್ರಮ್ಮು ತುಂಬಿಸಿಡಿ. ಊಟ ಬಾಳೆ ಎಲೆಲಿ, ಎಲೆ ಕೊಟ್ಟಿಗೆಗೆ, ತಟ್ಟೆ ತೊಳೆಯೋ ನೀರು ಉಳೀತು. ನೈವೇದ್ಯ ಮಧ್ಯಾಹ್ನವೇ ಆಗೋದ್ರಿಂದ ಬೆಳಕಿಗೆ ತೊಂದ್ರೆ ಕಮ್ಮಿ, ಆದ್ರೂ ಮಳೆಗಾಲದ ಅಡುಗೆಮನೆ ಹಗಲಲ್ಲೂ ಕತ್ಲೆ. ಎಣ್ಣೆ ಮುಂದೆ ಇರೋರಿಗೆ ತಲೆಗೆ ಕಟ್ಟೋ ಟಾರ್ಚ್ ಕೊಡಿ, ಪಕ್ಕದಲ್ಲಿ ಮೇಣದಬತ್ತಿ ಇಟ್ರೆ ನಮ್ಮ ನೆರಳೇ ಬಾಣಲೆ ಮೇಲೆ ಬೀಳತ್ತೆ, ಹದ ಕಾಣಲ್ಲ.

ಫ್ರಿಜ್ ಇಲ್ದಾಗ ಉಳಿದಿದ್ದನ್ನ ಯಾವ ಕ್ರಮದಲ್ಲಿ ಮುಗಿಸ್ಬೇಕು ಅಂತ ಮೊದ್ಲೇ ಮನೆಯವ್ರಿಗೆ ಹೇಳಿಡಿ. ಹಸಿ ಕಾಯಿ ಬಿದ್ದಿರೋ ಕೋಸಂಬರಿ, ಮೊಸರು ಗೊಜ್ಜು, ಚಟ್ನಿ ಮಧ್ಯಾಹ್ನವೇ ಖಾಲಿ ಆಗ್ಲಿ, ರಾತ್ರಿಗೆ ಇಡೋದೇ ಬೇಡ. ಚಿತ್ರಾನ್ನ, ಅನ್ನ ಎರಡು ಮೂರು ಗಂಟೆಗಿಂತ ಜಾಸ್ತಿ ಬಿಡ್ಬೇಡಿ. ಸಾರು, ಹುಳಿ ಸಂಜೆ ಒಂದು ಸಲ ಗಳಗಳ ಕುದಿಸಿ ಮುಚ್ಚಿಟ್ರೆ ರಾತ್ರಿ ಊಟಕ್ಕೆ ಆಗತ್ತೆ, ಮಾರನೇ ದಿನಕ್ಕೆ ಎಳೀಬೇಡಿ. ಹಾಲು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕಾಯಿಸಿ, ಪಾತ್ರೆನ ತಣ್ಣೀರು ತುಂಬಿದ ಅಗಲ ತಟ್ಟೆಲಿಡಿ. ಕಾಯಿ ಕಡುಬು ಅದೇ ದಿನದ್ದು ಅದೇ ದಿನ. ಬೇಳೆ ಹೋಳಿಗೆ ಹೂರಣ ಚೆನ್ನಾಗಿ ಆರಿಸಿದ್ರೆ ಮಾರನೇ ಬೆಳಿಗ್ಗೆ ತನಕ ಇರತ್ತೆ, ಮುಚ್ಚಿದ ಡಬ್ಬಿಗೆ ಹಾಕ್ದೆ ಬಟ್ಟೆ ಮುಚ್ಚಿ ಗಾಳಿ ಆಡೋ ಕಡೆ ಇಡಿ, ತಿನ್ನೋವಾಗ ಕಾವಲಿ ಮೇಲೆ ತುಪ್ಪ ಹಾಕಿ ಎರಡೂ ಕಡೆ ಬಿಸಿ ಮಾಡ್ಕೊಳಿ. ಚಕ್ಕುಲಿ ಡಬ್ಬಿ ಮಾತ್ರ ಕೊನೆಗೆ ತೆಗೀರಿ, ಅದಕ್ಕೆ ಅವಸರ ಇಲ್ಲ.